ನೆಬ್ಬಿಯೋಲೊ: ತಿಳಿ ಬಣ್ಣ, ಗಡುಸು ಒಗರು

ಬಾಟಲಿಯ ಲೇಬಲ್ ಮುಚ್ಚಿ ವೈನಿನ ರುಚಿ ನೋಡುವ ಅಭ್ಯಾಸದಲ್ಲಿ ನೆಬ್ಬಿಯೋಲೊ ಸುಲಭವಾಗಿ ಸಿಕ್ಕಿಬೀಳುವ ಕೆಂಪು ವೈನಿನ ದ್ರಾಕ್ಷಿಯಲ್ಲ. ಗ್ಲಾಸನ್ನು ಬಿಳಿ ಕಾಗದದ ಮೇಲೆ ವಾಲಿಸಿ ನೋಡಿ: ನಡುವೆ ತಿಳಿಗೆಂಪು, ಅಂಚಿನಲ್ಲಿ ಆಗಲೇ ಇಟ್ಟಿಗೆ ಬಣ್ಣ. ತಿಳಿ ಬಣ್ಣದ ವೈನ್ ಕೊಡುವ ಇನ್ನೊಂದು ದ್ರಾಕ್ಷಿ, ಪಿನೋ ನ್ವಾರ್, ಎಂದು ಬರೆದುಬಿಡುವ ಆಸೆಯಾಗುತ್ತದೆ. ಒಂದು ಗುಟುಕನ್ನು ಬಾಯಲ್ಲಿ ಆಡಿಸಿದರೆ ವಸಡು ಒಣಗಿ ಬಿಗಿಯುತ್ತದೆ, ಹಿಂದೆಯೇ ಹುಳಿ ಜೊಲ್ಲು ಸುರಿಸುತ್ತದೆ. ಉತ್ತರ ಅಲ್ಲಿದೆ.

ಈ ವಿರೋಧಕ್ಕೆ ಕಾರಣ ಸಿಪ್ಪೆಯಲ್ಲೇ ಇದೆ. ಬಣ್ಣ ಕೊಡುವ ಆಂಥೋಸಯನಿನ್ ಇದರಲ್ಲಿ ಕಡಿಮೆ. ಇರುವುದರಲ್ಲೂ ಗಾಳಿ ತಗುಲಿದರೆ ಬೇಗ ಕೆಡುವ ಸಯನಿಡಿನ್, ಪಿಯೊನಿಡಿನ್ ಬಗೆಗಳ ಪಾಲು ದೊಡ್ಡದು. ಒಗರು ಕೊಡುವ ಟ್ಯಾನಿನ್ ಮಾತ್ರ ಸಿಪ್ಪೆ, ಬೀಜ ಎರಡರಲ್ಲೂ ಧಾರಾಳ. ಆದ್ದರಿಂದ ಬಣ್ಣ ನೋಡಿ ವೈನಿನ ಬಲ ಅಳೆಯಬೇಡಿ.

ಇದರ ತವರು ವಾಯವ್ಯ ಇಟಲಿಯ ಪಿಯೆಮಾಂಟೆ. ಬೇಗ ಚಿಗುರಿ ತಡವಾಗಿ, ಅಕ್ಟೋಬರಿನಲ್ಲಿ, ಹಣ್ಣಾಗುವುದರಿಂದ ವಸಂತದ ಹಿಮ, ಶರತ್ಕಾಲದ ಮಳೆ ಎರಡರ ಭಯವೂ ಇದೆ. ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರುಗಳನ್ನು ಇದಕ್ಕೆಂದೇ ಮೀಸಲಿಡುತ್ತಾರೆ. ಕಡ್ಡಿಯ ಬುಡದ ಎರಡು ಮೂರು ಚಿಗುರುಗಣ್ಣುಗಳು ಗೊಂಚಲು ಕೊಡುವುದೇ ಅಪರೂಪ. ಗಿಡ್ಡವಾಗಿ ಸವರಿದರೆ ಎಲೆ ಬರುತ್ತದೆ, ಫಸಲು ಬರುವುದಿಲ್ಲ. ಅದಕ್ಕೇ ಎಂಟು ಹತ್ತು ಕಣ್ಣಿನ ಉದ್ದ ಕಡ್ಡಿ ಉಳಿಸುವ ಗ್ಯುಯೋ ಪದ್ಧತಿ.

ವೈನ್ ತಯಾರಿಕೆಯಲ್ಲಿ ರಸವನ್ನು ಸಿಪ್ಪೆಯೊಂದಿಗೆ ಮೂರು ನಾಲ್ಕು ವಾರ ಬಿಡುವುದು ಹಳೆಯ ರೂಢಿ. ಹುದುಗಿದಂತೆ ಮದ್ಯಸಾರ ಏರುತ್ತದೆ, ಬೀಜದ ಒಗರು ಹೆಚ್ಚು ಕರಗುತ್ತದೆ. ಬೀಜ ಕಂದಾಗಿ ಬಲಿತಿದ್ದರೆ ತೊಂದರೆಯಿಲ್ಲ. ಹಸಿರಾಗಿದ್ದರೆ ವರ್ಷಗಟ್ಟಲೆ ಕಾದರೂ ಕಹಿ ಹೋಗದು. ಆಮೇಲಿನ ಮಾಗುವಿಕೆಗೆ ಸಾವಿರಾರು ಲೀಟರಿನ ದೊಡ್ಡ ಓಕ್ ಪೀಪಾಯಿಯೇ ಮೇಲು ಎನ್ನಬೇಕು: 225 ಲೀಟರಿನ ಹೊಸ ಪೀಪಾಯಿಯಲ್ಲಿ ಮರದ ವೆನಿಲಾ ವಾಸನೆಯು ನೆಬ್ಬಿಯೋಲೊದ ಗುಲಾಬಿ, ಡಾಂಬರಿನ ಪರಿಮಳವನ್ನು ಮುಚ್ಚಿಬಿಡುವ ಅಪಾಯವಿದೆ.

ಪಿಯೆಮಾಂಟೆಯ ವೈನ್‌ಗಳಾದ ಬರೋಲೊ, ಬಾರ್ಬರೆಸ್ಕೊ ಎರಡಕ್ಕೂ ಇಟಲಿಯ ಅತ್ಯುನ್ನತ ವೈನ್ ದರ್ಜೆಯಾದ ಡಿಒಸಿಜಿ ಮಾನ್ಯತೆ ಬಂದದ್ದು 1980ರಲ್ಲಿ. ಎರಡೂ ಪೂರ್ತಿ ನೆಬ್ಬಿಯೋಲೊ. ಬರೋಲೊ ಕನಿಷ್ಠ 38 ತಿಂಗಳು ಮಾಗಬೇಕು, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲಿ. ಬಾರ್ಬರೆಸ್ಕೊಗೆ 26, ಪೀಪಾಯಿಯಲ್ಲಿ 9. ಹೆಚ್ಚು ಕಾಲ ಮಾಗಿಸುವ ರಿಸರ್ವಾ ಆದರೆ ಕ್ರಮವಾಗಿ 62 ಮತ್ತು 50. ಬರೋಲೊದೊಳಗೂ ಒಂದೇ ರುಚಿಯಲ್ಲ: ಲಾ ಮೊರ್ರಾ ಊರಿನ ವೈನ್ ಪರಿಮಳ ಮುಂದಾಗಿ ಬೇಗ ಮೆತ್ತಗಾಗುತ್ತದೆ, ಸೆರ್ರಲುಂಗ ಊರಿನದು ಹತ್ತು ವರ್ಷವಾದರೂ ಬಿಗಿಯಾಗಿಯೇ ಇರಬಹುದು.

ಲೇಬಲ್ ಓದುವಾಗ ಇನ್ನೊಂದು ತೊಡಕು. ಇದೇ ದ್ರಾಕ್ಷಿಗೆ ಪಿಯೆಮಾಂಟೆಯದೇ ಗತ್ತಿನಾರದ ಕಡೆ ಸ್ಪಾನ್ನಾ, ಲೊಂಬಾರ್ದಿಯ ವಾಲ್ತೆಲ್ಲಿನಾದಲ್ಲಿ ಕ್ಯಾವೆನ್ನಾಸ್ಕಾ ಎಂಬ ಹೆಸರು. ವಾಲ್ತೆಲ್ಲಿನಾದ ಸ್ಫೊರ್ಸಾಟೊ ಎಂಬ ವೈನನ್ನು ಗೊಂಚಲು ಒಣಗಿಸಿ ಮಾಡುತ್ತಾರೆ. ಮದ್ಯಸಾರ ಕನಿಷ್ಠ ಶೇ 14, ಆದರೂ ಸಿಹಿಯಲ್ಲ.