ಕೊರಡು, ಪುಳ್ಳೆ, ಅಟ್ಟ

ಹಂಡೆ ಒಲೆ ಹಚ್ಚಿ ರೂಢಿ ಇರುವವರಿಗೆ ಇದು ಗೊತ್ತು. ದಪ್ಪ ಕೊರಡಿಗೆ ಬೆಂಕಿಕಡ್ಡಿ ಹಿಡಿದರೆ ಏನೂ ಆಗುವುದಿಲ್ಲ. ಮೊದಲು ತೆಂಗಿನ ಗರಿ, ಆಮೇಲೆ ಪುಳ್ಳೆ, ಆಮೇಲೆ ಸೀಳಿದ ಸೌದೆ. ಕೊರಡಿನ ಸರದಿ ಕೊನೆಗೆ. ಹತ್ತಿದ ಮೇಲೂ ಹೊರಗೆ ಇದ್ದಿಲಿನ ಪದರ ಕಟ್ಟುತ್ತದೆ, ಒಳಗಿನ ಮರಕ್ಕೆ ಶಾಖ ತಾಗದಂತೆ ಅದೇ ತಡೆಯುತ್ತದೆ. ಗಟ್ಟಿ ಮರದ ತೊಲೆ ನಿಮಿಷಕ್ಕೆ ಸುಮಾರು ಅರ್ಧ ಮಿಲಿಮೀಟರ್ ಮಾತ್ರ ಸುಡುತ್ತಾ ಹೋಗುತ್ತದೆ. ಉಕ್ಕು ಉರಿಯುವುದಿಲ್ಲ ನಿಜ, ಆದರೆ 550 ಡಿಗ್ರಿ ಹೊತ್ತಿಗೆ ಅರ್ಧದಷ್ಟು ಬಲ ಕಳೆದುಕೊಂಡು ಬಾಗತೊಡಗುತ್ತದೆ.

ಹಾಗಾದರೆ 2019ರ ಏಪ್ರಿಲ್ 15ರಂದು ಪ್ಯಾರಿಸ್‌ನ ನೋಟ್ರ ಡಾಮ್ ಚರ್ಚಿನ ಚಾವಣಿ ಒಂದೇ ಸಂಜೆಗೆ ಸುಟ್ಟಿದ್ದು ಹೇಗೆ? ಒಂಟಿ ಕೊರಡು ಒಲೆಯಲ್ಲಿ ಆರಿಹೋಗುತ್ತದೆ, ಮೂರು ಕೂಡಿಸಿದರೆ ಒಂದರ ಕಾವು ಇನ್ನೊಂದಕ್ಕೆ ತಗಲಿ ಧಗಧಗ ಉರಿಯುತ್ತದೆ ಅಲ್ವಾ? ಆ ಅಟ್ಟದಲ್ಲಿ ಓಕ್ ತೊಲೆಗಳು ಎಷ್ಟಿದ್ದವೆಂದರೆ ಜನ ಅದನ್ನು ‘ಕಾಡು’ ಅಂತಲೇ ಕರೆಯುತ್ತಿದ್ದರು. ಶತಮಾನಗಳಿಂದ ಒಣಗಿದ ಮರ. ಮೇಲೆ ಸೀಸದ ಹೊದಿಕೆ. ನಡುವೆ ಬೆಂಕಿ ತಡೆಯುವ ಗೋಡೆ ಇಲ್ಲ, ನೀರು ಚಿಮ್ಮುವ ಸ್ಪ್ರಿಂಕ್ಲರ್ ಇಲ್ಲ.

ಅಲಾರಂ ಇತ್ತು. 6:20ರ ಸುಮಾರಿಗೆ ಹೊಡೆದುಕೊಂಡಿತು ಕೂಡ. ಕಾವಲಿನವರು ಹೋಗಿ ನೋಡಿದ್ದು ಪಕ್ಕದ ಚಿಕ್ಕ ಕಟ್ಟಡದ ಅಟ್ಟವನ್ನು! ಅಲ್ಲಿ ಏನೂ ಇರಲಿಲ್ಲ. ತಪ್ಪು ಗೊತ್ತಾಗಿ ಸರಿಯಾದ ಅಟ್ಟ ಹತ್ತುವಷ್ಟರಲ್ಲಿ ಸುಮಾರು ಅರ್ಧ ಗಂಟೆ ಹೋಗಿತ್ತು. ಎಂಟು ಗಂಟೆಗೆ ಮುಂಚೆಯೇ ಶಿಖರ ಉರುಳಿತು.

ಮೈಸೂರಿನ ಹಳೆಯ ಮರದ ಅರಮನೆ 1897ರಲ್ಲಿ, ರಾಜಕುಮಾರಿಯ ಮದುವೆಯ ಹೊತ್ತಿನಲ್ಲಿ ಸುಟ್ಟುಹೋಯಿತು. ನಮ್ಮವರು ಮರದ ಸಹವಾಸವೇ ಜಾಸ್ತಿ ಬೇಡ ಅಂದುಕೊಂಡರೋ ಏನೋ, 1912ಕ್ಕೆ ಮುಗಿದ ಹೊಸ ಅರಮನೆಗೆ ಕಲ್ಲು, ಇಟ್ಟಿಗೆ, ಎರಕದ ಕಬ್ಬಿಣ ಬಳಸಿದರು. ಪ್ಯಾರಿಸ್‌ನವರು ಮತ್ತೆ ಓಕ್ ಮರವನ್ನೇ ಕಡಿದು ಕೆತ್ತಿ ಕೂರಿಸಿದರು. ನನಗಂತೂ ಅದು ಹುಚ್ಚುತನ ಅನ್ನಿಸಲಿಲ್ಲ. 2024ರ ಡಿಸೆಂಬರ್‌ನಲ್ಲಿ ತೆರೆದ ಚರ್ಚಿನ ಅಟ್ಟದಲ್ಲಿ ಈಗ ಬೆಂಕಿ ತಡೆಗೋಡೆಗಳಿವೆ, ಮಂಜಿನಂತೆ ನೀರು ಚಿಮ್ಮುವ ನಳಿಕೆಗಳಿವೆ. ಸಣ್ಣ ಹನಿ ಬೇಗ ಆವಿಯಾಗಿ ಕಾವು ಹೀರುತ್ತದೆ, ಆ ಆವಿ ಸುತ್ತಲಿನ ಗಾಳಿಯನ್ನು ದೂರ ತಳ್ಳುತ್ತದೆ. ನೀರು ಕಡಿಮೆ ಸಾಕು, ಕೆಳಗಿನ ಚಿತ್ರ, ಮರಗೆಲಸ ತೊಯ್ದು ಹಾಳಾಗುವುದೂ ಕಡಿಮೆ.

ಮೊನ್ನೆ ಊರಿನ ತೊಟ್ಟಿ ಮನೆಯ ಅಟ್ಟ ಹತ್ತಿದೆ, ಸುಮ್ನೆ ನೋಡೋಣ ಅಂತ. ತೊಲೆಗಳು ಕಲ್ಲಿನಂತಿವೆ. ಪಕ್ಕದಲ್ಲೇ ಹಳೆ ಪೇಪರ್ ಕಟ್ಟು, ಒಣಗಿದ ತೆಂಗಿನ ಸಿಪ್ಪೆ. ಅದರ ಮೇಲೆ ಇಲಿ ಕಡಿದ ವೈರು ಜೋತಾಡುತ್ತಿತ್ತು.