‘ನಂಬರ್ ಹೇಳಿ ಮೇಡಂ’

‘ನಾವು ಮಾತಾಡೋದನ್ನ ಫೋನ್ ಕದ್ದು ಕೇಳುತ್ತಾ?’ ನಾನು ಡಿಜಿಟಲ್ ಜಾಹೀರಾತಿನ ಕೆಲಸದಲ್ಲಿದ್ದೇನೆ ಅಂತ ಗೊತ್ತಾದ ಕೂಡಲೇ ಜನ ಕೇಳುವ ಮೊದಲ ಪ್ರಶ್ನೆ ಇದು. ಮದುವೆ ಮನೆಯಲ್ಲಿ ಕೇಳುತ್ತಾರೆ, ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಕೇಳುತ್ತಾರೆ. ಎಲ್ಲರ ಹತ್ತಿರವೂ ಒಂದು ಕಥೆ ಇರುತ್ತದೆ. ಸುಮ್ನೆ ಬಾಯಿಮಾತಿಗೆ ವಾಟರ್ ಪ್ಯೂರಿಫೈಯರ್ ವಿಷಯ ಬಂತು, ಸಂಜೆ ಇನ್‌ಸ್ಟಾಗ್ರಾಂ ತೆರೆದರೆ ಅದರದ್ದೇ ಜಾಹೀರಾತು. ಗೂಗಲ್‌ನಲ್ಲಿ ಹುಡುಕಿರಲಿಲ್ಲ, ಯಾರಿಗೂ ಮೆಸೇಜ್ ಮಾಡಿರಲಿಲ್ಲ.

ಅವರು ಹೇಳುವುದು ಸುಳ್ಳಲ್ಲ. ಜಾಹೀರಾತು ಬಂದಿದ್ದು ನಿಜ. ಬಂದ ದಾರಿ ಬೇರೆ.

ಮೈಕ್‌ನ ಅನುಮಾನವನ್ನು ಮೊದಲು ಮುಗಿಸೋಣ. 2018ರಲ್ಲಿ ಅಮೆರಿಕದ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದ ಸಂಶೋಧಕರು 17 ಸಾವಿರಕ್ಕೂ ಹೆಚ್ಚು ಆಂಡ್ರಾಯ್ಡ್ ಆ್ಯಪ್‌ಗಳನ್ನು ಪರೀಕ್ಷಿಸಿದರು. ಕದ್ದು ಮೈಕ್ ಆನ್ ಮಾಡಿ ಮಾತು ಕಳಿಸಿದ ಒಂದು ಆ್ಯಪೂ ಸಿಗಲಿಲ್ಲ. ಆದರೆ ಬಳಸುವವರಿಗೆ ತಿಳಿಸದೆ ಅವರ ಸ್ಕ್ರೀನನ್ನೇ ರೆಕಾರ್ಡ್ ಮಾಡಿ ಹೊರಗಿನ ಕಂಪನಿಗೆ ಕಳಿಸುತ್ತಿದ್ದ ಆ್ಯಪ್ ಸಿಕ್ಕಿತು. ಹಾಗಂತ ಕೇಳುವ ಪ್ರಯತ್ನವೇ ಆಗಿಲ್ಲ ಅಂತಲ್ಲ. ನಮ್ಮ ದೇಶದ್ದೇ ಆದ ಸಿಲ್ವರ್‌ಪುಶ್ ಕಂಪನಿಯ ಕೋಡ್, ಟಿವಿಯಿಂದ ಹೊರಡುವ, ನಮ್ಮ ಕಿವಿಗೆ ಕೇಳಿಸದ ಸಂಕೇತಗಳನ್ನು ಫೋನಿನ ಮೈಕ್‌ನಿಂದ ಹಿಡಿಯಬಲ್ಲದಾಗಿತ್ತು. ಆ ಕೋಡ್ ಸೇರಿಸಿಕೊಂಡಿದ್ದ 12 ಆ್ಯಪ್ ತಯಾರಕರಿಗೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2016ರಲ್ಲಿ ಎಚ್ಚರಿಕೆ ಪತ್ರ ಬರೆಯಿತು. ಈಗ ಆಂಡ್ರಾಯ್ಡ್ 12ರಿಂದ ಈಚಿನ ಫೋನುಗಳಲ್ಲಿ ಯಾವುದಾದರೂ ಆ್ಯಪ್ ಮೈಕ್ ಬಳಸಿದರೆ ಸ್ಕ್ರೀನಿನ ಮೂಲೆಯಲ್ಲಿ ಹಸಿರು ಗುರುತು ಬರುತ್ತದೆ, ಐಫೋನಿನಲ್ಲಿ ಕಿತ್ತಳೆ ಚುಕ್ಕೆ. ದಿನವಿಡೀ ಮಾತು ಕೇಳಿ ಕಳಿಸಬೇಕೆಂದರೆ ಬ್ಯಾಟರಿ ಮತ್ತು ಡೇಟಾ ಲೆಕ್ಕದಲ್ಲೇ ಸಿಕ್ಕಿಬೀಳಬೇಕಾಗುತ್ತದೆ. ಜಾಹೀರಾತು ಹಾಕುವ ನಮಗೆ ಅದರ ಅಗತ್ಯವೂ ಇಲ್ಲ. ಬೇಕಾಗಿದ್ದು ಅದಕ್ಕಿಂತ ಸುಲಭವಾಗಿ ಸಿಗುತ್ತದೆ.

ಮೈಸೂರಿನ ಪರಿಚಿತರೊಬ್ಬರಿಗೆ ಕಿವಿಗೆ ಹಾಕುವ ಶ್ರವಣ ಯಂತ್ರದ ಜಾಹೀರಾತು ಬರತೊಡಗಿತು. ಅಪ್ಪನಿಗೆ ಕಿವಿ ಮಂದವಾಗಿದೆ ಅಂತ ಅಕ್ಕನ ಜೊತೆ ಫೋನಿನಲ್ಲಿ ಮಾತಾಡಿದ್ದು ಬಿಟ್ಟರೆ ಬೇರೇನೂ ಮಾಡಿಲ್ಲ ಅಂದರು. ಗಾಬರಿಯಾಗಿದ್ದರು. ಇಬ್ಬರೂ ಕೂತು ಆ ಜಾಹೀರಾತಿನ ಮೇಲಿನ ಮೂರು ಚುಕ್ಕೆ ಒತ್ತಿದೆವು. ಇದು ನಿಮಗೇಕೆ ಕಾಣುತ್ತಿದೆ ಎಂದು ತಿಳಿಸುವ ಆಯ್ಕೆ ಅಲ್ಲಿದೆ. ಜಾಹೀರಾತುದಾರರ ಬಳಿ ಇರುವ ಒಂದು ಪಟ್ಟಿಯಲ್ಲಿ ನೀವಿದ್ದೀರಿ ಎಂಬ ಅರ್ಥದ ಸಾಲು ಬಂತು. ಯಾವ ಪಟ್ಟಿ? ಸ್ವಲ್ಪ ಹೊತ್ತು ಯೋಚಿಸಿದ ಮೇಲೆ ಅವರಿಗೇ ನೆನಪಾಯಿತು. ಕೆಲವು ವಾರಗಳ ಹಿಂದೆ ಅಪ್ಪನನ್ನು ಬಡಾವಣೆಯ ಉಚಿತ ತಪಾಸಣಾ ಶಿಬಿರಕ್ಕೆ ಕರೆದುಕೊಂಡು ಹೋಗಿದ್ದರು. ಬಾಗಿಲಲ್ಲೇ ಇಟ್ಟಿದ್ದ ರಿಜಿಸ್ಟರಿನಲ್ಲಿ ಹೆಸರು, ವಯಸ್ಸು, ಮೊಬೈಲ್ ನಂಬರ್ ಬರೆಯಬೇಕಿತ್ತು. ಅಪ್ಪನ ಹತ್ತಿರ ಮೊಬೈಲ್ ಇಲ್ಲ, ಹಾಗಾಗಿ ತಮ್ಮದೇ ಬರೆದಿದ್ದರು.

ಶಿಬಿರಕ್ಕೆ ಹೋಗಿಬಂದದ್ದಕ್ಕೆ ಅಕ್ಕನ ಜೊತೆ ಮಾತು ಬಂತು. ಶಿಬಿರದಲ್ಲಿ ನಂಬರ್ ಬರೆದದ್ದಕ್ಕೆ ಜಾಹೀರಾತು ಬಂತು. ಎರಡಕ್ಕೂ ಮೂಲ ಒಂದೇ. ಮಾತು ಮೊದಲು ಬಂದು ಜಾಹೀರಾತು ಆಮೇಲೆ ಬಂದಿದ್ದರಿಂದ, ಮಾತಿನಿಂದಲೇ ಜಾಹೀರಾತು ಬಂತು ಅಂತ ಅನ್ನಿಸಿತು. ನಾನು ಕೇಳಿದ ಬಹಳಷ್ಟು ‘ಫೋನ್ ಕೇಳಿಸಿಕೊಂಡಿತು’ ಕಥೆಗಳ ಒಳಗೆ ಹೊಕ್ಕರೆ ಸಿಗುವುದು ಇಂಥದ್ದೇ ಒಂದು ರಿಜಿಸ್ಟರ್, ಒಂದು ಬಿಲ್ಲಿಂಗ್ ಕೌಂಟರ್, ಒಂದು ಲಕ್ಕಿ ಡ್ರಾ ಚೀಟಿ. ಇನ್ನು ಕೆಲವು ಕಥೆಗಳಲ್ಲಿ ಹುಡುಕಿದವರು ಮನೆಯ ಬೇರೊಬ್ಬರು. ಒಂದೇ ವೈಫೈ ಬಳಸುವ ಫೋನುಗಳು ಹೊರಗಿನ ಸರ್ವರ್‌ಗಳಿಗೆ ಒಂದೇ ವಿಳಾಸದಿಂದ ಬಂದಂತೆ ಕಾಣುತ್ತವೆ. ಮಗ ಹುಡುಕಿದ ಬೈಕು ಅಮ್ಮನ ಫೋನಿನಲ್ಲೂ ಕಾಣಿಸಬಹುದು.

ಆ ನಂಬರಿನ ಪಟ್ಟಿ ಏನಾಗುತ್ತದೆ ಅಂತ ಹೇಳುತ್ತೇನೆ, ಏಕೆಂದರೆ ಅದು ನನ್ನ ದಿನನಿತ್ಯದ ಕೆಲಸ. ಅಂಗಡಿಯವರು ಒಂದು ಎಕ್ಸೆಲ್ ಫೈಲ್ ಕಳಿಸುತ್ತಾರೆ. ಅದನ್ನು ಮೆಟಾ (ಫೇಸ್‌ಬುಕ್, ಇನ್‌ಸ್ಟಾಗ್ರಾಂ ಇದರವೇ) ಅಥವಾ ಗೂಗಲ್‌ನ ಜಾಹೀರಾತು ಪುಟದಲ್ಲಿ ಅಪ್‌ಲೋಡ್ ಮಾಡುತ್ತೇವೆ. ಹೋಗುವ ಮುನ್ನ ಪ್ರತಿ ನಂಬರೂ ಹ್ಯಾಶ್ ಆಗುತ್ತದೆ, ಅಂದರೆ 64 ಅಕ್ಷರ-ಅಂಕಿಗಳ ಒಂದು ಗೋಜಲು ಸಾಲಾಗುತ್ತದೆ. ‘ನಂಬರ್ ಯಾರಿಗೂ ಕಾಣಲ್ಲ, ಸೇಫ್’ ಅಂತ ಗಿರಾಕಿಗಳಿಗೆ ಹೇಳುವುದು ಇದನ್ನೇ ನಂಬಿ. ಆದರೆ ಒಂದು ನಂಬರಿನಿಂದ ಯಾವಾಗಲೂ ಅದೇ ಸಾಲು ಬರುತ್ತದೆ. ನೀವು ಖಾತೆ ತೆರೆಯುವಾಗ ಕೊಟ್ಟ ನಂಬರ್ ಆ ಕಂಪನಿಯ ಬಳಿ ಮೊದಲೇ ಇದೆ. ಅದನ್ನೂ ಹ್ಯಾಶ್ ಮಾಡಿ ಎರಡು ಸಾಲುಗಳನ್ನು ಹೋಲಿಸಿದರೆ ಮುಗಿಯಿತು. ಇನ್ನೊಂದು ಮಾತು. ನಮ್ಮ ಮೊಬೈಲ್ ನಂಬರ್ 10 ಅಂಕಿಯದು, ಶುರುವಾಗುವುದು 6ರಿಂದ 9ರೊಳಗೆ. ಒಟ್ಟು ಸಾಧ್ಯತೆ 400 ಕೋಟಿ. ಅಷ್ಟನ್ನೂ ಹ್ಯಾಶ್ ಮಾಡಿ ಪಟ್ಟಿ ಇಟ್ಟುಕೊಳ್ಳುವುದು ಇವತ್ತಿನ ಕಂಪ್ಯೂಟರಿಗೆ ದೊಡ್ಡ ಕೆಲಸವೇ ಅಲ್ಲ. ಹಾಗಾಗಿ ಹ್ಯಾಶ್ ಅನ್ನುವುದು ಬಾಗಿಲಿಗೆ ಹಾಕಿದ ಪರದೆ, ಬೀಗವಲ್ಲ.

ಅಪ್‌ಲೋಡ್ ಮಾಡುವವರು ಜನರ ಒಪ್ಪಿಗೆ ಪಡೆದಿರಬೇಕು ಅಂತ ಈ ಕಂಪನಿಗಳ ನಿಯಮ ಹೇಳುತ್ತದೆ. ಆದರೆ ಅಪ್‌ಲೋಡ್ ಮಾಡುವ ಹೊತ್ತಿಗೆ ನನ್ನನ್ನು ಯಾರೂ ಪುರಾವೆ ಕೇಳುವುದಿಲ್ಲ. ಪಟ್ಟಿ ಹೊಂದಿಕೆಯಾದ ಮೇಲೆ ಮುಂದಿನ ಹೆಜ್ಜೆ ಇನ್ನೂ ಸುಲಭ. ‘ಇವರ ಹಾಗೇ ಇರುವ ಬೇರೆಯವರನ್ನು ಹುಡುಕು’ ಅಂತ ಒಂದು ಆಯ್ಕೆ ಒತ್ತಿದರೆ ಸಾಕು. ನಂಬರ್ ಕೊಡದವರೂ ಬಲೆಗೆ ಬರುತ್ತಾರೆ.

ನಮ್ಮ ದೇಶದಲ್ಲಿ ಈ ನಂಬರಿಗೆ ಇಷ್ಟು ಬೆಲೆ ಬರಲು ಕಾರಣ ಇದೆ. ಬ್ಯಾಂಕ್, ಆಧಾರ್, ಯುಪಿಐ, ಗ್ಯಾಸ್ ಬುಕಿಂಗ್ ಎಲ್ಲವೂ ಅದಕ್ಕೇ ಕಟ್ಟಿಕೊಂಡಿವೆ. 2011ರಲ್ಲಿ ದೇಶದಾದ್ಯಂತ ನಂಬರ್ ಪೋರ್ಟಬಿಲಿಟಿ ಬಂದ ಮೇಲೆ ಕಂಪನಿ ಬದಲಾಯಿಸಿದರೂ ನಂಬರ್ ಬದಲಾಯಿಸಬೇಕಿಲ್ಲ. ನಮ್ಮ ಗುರುತಿಗೆಂದು ವೆಬ್‌ಸೈಟುಗಳು ಬ್ರೌಸರಿನಲ್ಲಿ ಬಿಟ್ಟುಹೋಗುವ ಕುಕೀ ಅಳಿಸಬಹುದು, ಫೋನ್ ಬದಲಿಸಬಹುದು. ನಂಬರ್ ಮಾತ್ರ ವರ್ಷಗಟ್ಟಲೆ ಹಾಗೇ ಉಳಿಯುತ್ತದೆ. ಸುರಕ್ಷತೆಗೆಂದು ಕೊಟ್ಟ ನಂಬರನ್ನೂ ಫೇಸ್‌ಬುಕ್ ಜಾಹೀರಾತಿಗೆ ಬಳಸಿತ್ತು. 2019ರಲ್ಲಿ ಅಮೆರಿಕದಲ್ಲಿ ಅದು ಕಟ್ಟಲು ಒಪ್ಪಿದ 500 ಕೋಟಿ ಡಾಲರ್ ದಂಡದ ಹಿಂದಿದ್ದ ಆರೋಪಗಳಲ್ಲಿ ಇದೂ ಒಂದು.

ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಹೇಳಿದರು. ಆ ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಇಳಿವಯಸ್ಸಿನಲ್ಲಿ, 2012ರಲ್ಲಿ ಅವರು ಕೋರ್ಟಿಗೆ ಹೋಗದಿದ್ದರೆ ಈ ಹಕ್ಕಿನ ಮಾತು ಇಷ್ಟು ಬೇಗ ಬರುತ್ತಿರಲಿಲ್ಲ ಎಂದು ನನಗನ್ನಿಸುತ್ತದೆ. ಆಮೇಲೆ 2023ರಲ್ಲಿ ಡೇಟಾ ರಕ್ಷಣೆ ಕಾಯ್ದೆ ಬಂತು, 2025ರ ನವೆಂಬರ್‌ನಲ್ಲಿ ಅದರ ನಿಯಮಗಳು ಬಂದವು. ಮುಖ್ಯ ಹೊಣೆಗಾರಿಕೆಗಳು ಜಾರಿಗೆ ಬರಲು 18 ತಿಂಗಳ ಗಡುವು ಇದೆ. ಒಂದು ಕೆಲಸಕ್ಕೆ ಅಂತ ಕೊಟ್ಟ ಮಾಹಿತಿಯನ್ನು ಒಪ್ಪಿಗೆ ಇಲ್ಲದೆ ಇನ್ನೊಂದಕ್ಕೆ ಬಳಸುವಂತಿಲ್ಲ ಅನ್ನುವುದು ಅದರ ತಿರುಳು. 18 ವರ್ಷದೊಳಗಿನವರ ಜಾಡು ಹಿಡಿದು ಜಾಹೀರಾತು ಗುರಿಯಿಡುವುದಕ್ಕೂ ಅದು ತಡೆ ಹಾಕಿದೆ. ಶಿಬಿರದ ರಿಜಿಸ್ಟರಿನ ನಂಬರ್ ಶ್ರವಣ ಯಂತ್ರದ ಮಾರಾಟಕ್ಕೆ ಹೋಗುವುದು ಈ ಕಾಯ್ದೆಯ ಕಣ್ಣಿನಲ್ಲಿ ತಪ್ಪೇ.

ಕಾಯ್ದೆ ಪೂರ್ತಿ ಜಾರಿಗೆ ಬರುವವರೆಗೆ ಏನು ಮಾಡಬಹುದು? ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಗೂಗಲ್, ಅದರೊಳಗೆ ಆಡ್ಸ್ ಅಂತ ಇರುತ್ತದೆ, ಅಲ್ಲಿ ಅಡ್ವರ್ಟೈಸಿಂಗ್ ಐಡಿ, ಅಂದರೆ ಜಾಹೀರಾತಿಗಾಗಿ ನಿಮ್ಮ ಫೋನನ್ನು ಗುರುತಿಸುವ ಸಂಕೇತ, ಅಳಿಸಿ. ಐಫೋನಿನಲ್ಲಿ ಆ್ಯಪ್ ಟ್ರ್ಯಾಕ್ ಮಾಡಲೇ ಅಂತ ಕೇಳಿದರೆ ಬೇಡ ಅನ್ನಿ. ಟಾರ್ಚ್ ಆ್ಯಪಿಗೆ ಲೊಕೇಶನ್ ಯಾಕೆ ಬೇಕು, ಅಲ್ವಾ? ತೆಗೆದುಹಾಕಿ. ಇವೆಲ್ಲ ಒಳ್ಳೆಯದೇ, ಆದರೆ ನಂಬರ್ ಪಟ್ಟಿಯನ್ನು ಇವು ತಡೆಯುವುದಿಲ್ಲ. ಅದಕ್ಕೆ ಇನ್‌ಸ್ಟಾಗ್ರಾಂ, ಫೇಸ್‌ಬುಕ್‌ನ ಜಾಹೀರಾತು ಸೆಟ್ಟಿಂಗ್ಸ್ ತೆರೆದು, ಯಾವ ಯಾವ ಜಾಹೀರಾತುದಾರರ ಪಟ್ಟಿಯಲ್ಲಿ ನೀವಿದ್ದೀರಿ ಅಂತ ಒಮ್ಮೆ ನೋಡಿ. ಹೋಗದ ಊರಿನ ಸೈಟ್ ಮಾರುವವರೂ ಅಲ್ಲಿರಬಹುದು.

ಬಿಲ್ಲಿಂಗ್ ಕೌಂಟರಿನಲ್ಲಿ ‘ನಂಬರ್ ಹೇಳಿ ಮೇಡಂ’ ಅಂದರೆ ‘ಬೇಡಪ್ಪ, ಪೇಪರ್ ಬಿಲ್ ಕೊಡಿ’ ಅನ್ನಿ. ನಂಬರಿಗೆ ಒತ್ತಾಯ ಮಾಡಬಾರದು ಅಂತ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲೇ ಅಂಗಡಿಗಳಿಗೆ ಸೂಚಿಸಿದೆ. ಕೌಂಟರಿನ ಹುಡುಗಿಯ ಮೇಲೆ ಮಾತ್ರ ರೇಗಬೇಡಿ, ಅವಳಿಗೆ ಮೇಲಿನವರು ಹೇಳಿದ್ದು ಅಷ್ಟೇ.

ನನ್ನ ಹತ್ತಿರ ಪಟ್ಟಿ ತರುವ ಅಂಗಡಿಯವರಿಗೆ ಈಗ ಮೊದಲೇ ಕೇಳುತ್ತೇನೆ: ಈ ನಂಬರ್ ಕೊಟ್ಟವರಿಗೆ ಇದು ಜಾಹೀರಾತಿಗೆ ಅಂತ ಗೊತ್ತಿತ್ತಾ? ಆಸ್ಪತ್ರೆ, ಲ್ಯಾಬ್, ಶಿಬಿರದ ಪಟ್ಟಿಯನ್ನಂತೂ ಮುಟ್ಟುವುದಿಲ್ಲ. ಕಾಯಿಲೆಯ ವಿಷಯ ಮನೆಯವರಿಂದಲೇ ಮುಚ್ಚಿಟ್ಟವರು ಆ ಪಟ್ಟಿಯಲ್ಲಿ ಇರುತ್ತಾರೆ. ವ್ಯಾಪಾರ ನಡೆಯಬೇಕಲ್ಲ ಅಂತ ಕೆಲವರು ವಾದಿಸುತ್ತಾರೆ. ಜಯನಗರದ ಸೀರೆ ಅಂಗಡಿಯ ಆಫರ್ ಸುತ್ತಲಿನ ಐದು ಕಿಲೋಮೀಟರಿನ ಜನಕ್ಕೆ ಕಂಡರೆ ಸಾಕು. ಹಬ್ಬದ ಹಿಂದಿನ ವಾರ ಕಂಡರೆ ಇನ್ನೂ ಚೆನ್ನ. ಅದಕ್ಕೆ ಯಾರ ನಂಬರೂ ಬೇಕಾಗಿಲ್ಲ.