ಪದ ಪರಿಚಯ: ಪೇಟ್ರನ್

ಪೇಟ್ರನ್ ಅಂದರೆ ಪೋಷಕ, ಕಲಾವಿದರ ಕೆಲಸಕ್ಕೆ ದುಡ್ಡು ಕೊಟ್ಟು ಆಸರೆಯಾಗುವವರು. ಆದರೆ ಪೋಷಕರು ಅಂದ ಕೂಡಲೇ ನಮಗೆ ನೆನಪಾಗುವುದು ಶಾಲೆಯ ಮೀಟಿಂಗು, ಅಲ್ವಾ? ಅದಕ್ಕೇ ಇಲ್ಲಿ ಪೇಟ್ರನ್ ಅಂತಲೇ ಇಟ್ಟುಕೊಳ್ಳೋಣ.

ಕರಾವಳಿಯವರಿಗೆ ಇದನ್ನು ವಿವರಿಸುವುದು ಸುಲಭ. ಯಕ್ಷಗಾನದ ಡೇರೆ ಮೇಳಗಳ (ಡೇರೆ ಹಾಕಿ ಆಡುವ ತಂಡಗಳ) ಆಟಕ್ಕೆ, ಅಂದರೆ ಪ್ರದರ್ಶನಕ್ಕೆ, ಟಿಕೆಟ್ ಇರುತ್ತಿತ್ತು. ಹರಕೆ ಆಟಕ್ಕೆ ಇಲ್ಲ. ಹರಕೆ ಹೊತ್ತ ಮನೆಯವರು ಮೇಳಕ್ಕೆ ದುಡ್ಡು ಕಟ್ಟುತ್ತಾರೆ, ಊರವರೆಲ್ಲ ಸುಮ್ನೆ ಬಂದು ಕೂತು ನೋಡುತ್ತಾರೆ. ಪೇಟ್ರನ್ ಲೆಕ್ಕವೂ ಹೆಚ್ಚುಕಡಿಮೆ ಇದೇ. ಆದರೆ ಒಂದು ಮನೆಯ ಬದಲು ಇಲ್ಲಿ ನೂರಾರು ಜನ ಚೂರುಚೂರು ಹಾಕುತ್ತಾರೆ. ಅದಕ್ಕೆಂದೇ ಪೇಟ್ರಿಯಾನ್ ಎಂಬ ಜಾಲತಾಣ 2013ರಲ್ಲಿ ಶುರುವಾಯಿತು.

ಫ್ರಾನ್ಸಿನ ಚಿತ್ರಕಾರ ಡೇವಿಡ್ ರೆವುವಾ 2014ರಲ್ಲಿ 'ಪೆಪ್ಪರ್ ಅಂಡ್ ಕ್ಯಾರಟ್' ಎಂಬ ಕಾಮಿಕ್ಸ್ ಶುರು ಮಾಡಿದರು. ಪೆಪ್ಪರ್ ಒಬ್ಬ ಪುಟ್ಟ ಮಾಟಗಾತಿ, ಕ್ಯಾರಟ್ ಅವಳ ಬೆಕ್ಕು. ಓದಲು ದುಡ್ಡು ಬೇಡ, ಜಾಹೀರಾತಿನ ಕಾಟವೂ ಇಲ್ಲ. ಚಿತ್ರದ ಮೂಲ ಫೈಲುಗಳನ್ನು ಲೇಯರ್ (ಚಿತ್ರದ ಪದರ) ಸಮೇತ ಇಳಿಸಿಕೊಳ್ಳಬಹುದು. ಹೊಸ ಕಂತು ಬಂದಾಗ ಪೇಟ್ರನ್‌ಗಳು ಒಪ್ಪಿದ್ದಷ್ಟು ಹಣ ಕೊಡುವ ಏರ್ಪಾಡನ್ನು ಅವರು ಮಾಡಿಕೊಂಡಿದ್ದರು. ಅಂದರೆ ದುಡ್ಡು ಪ್ರತಿಗಲ್ಲ, ಕೆಲಸಕ್ಕೆ. ಹರಕೆ ಆಟದ ಕರಪತ್ರದಲ್ಲಿ ಸೇವಾಕರ್ತರ ಹೆಸರು ಹಾಕುವಂತೆ, ಕಂತಿನ ಕೊನೆಯಲ್ಲಿ ಪೇಟ್ರನ್‌ಗಳ ಹೆಸರಿನ ಉದ್ದ ಪಟ್ಟಿ!

ಇಂಗ್ಲಿಷಿನ 'ಫ್ರೀ' ಎಂಬ ಒಂದೇ ಮಾತಿಗೆ ನಮ್ಮಲ್ಲಿ ಎರಡಿವೆ: ಉಚಿತ ಮತ್ತು ಮುಕ್ತ. ಈ ಕಾಮಿಕ್ಸ್ ಎರಡೂ ಹೌದು. ಅದರ ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಪ್ರಕಾರ ಕಲಾವಿದರ ಹೆಸರು ಹಾಕಿದರೆ ಸಾಕು, ಯಾರು ಬೇಕಾದರೂ ಅನುವಾದಿಸಬಹುದು, ಬದಲಾಯಿಸಬಹುದು, ಅಚ್ಚು ಹಾಕಿ ಮಾರಲೂಬಹುದು. 2016ರಲ್ಲಿ ಗ್ಲೆನಾ ಎಂಬ ಫ್ರೆಂಚ್ ಪ್ರಕಾಶನ ಮಾರಿಯೂ ಬಿಟ್ಟಿತು. ಗೌರವಧನ ಕೊಡಲೇಬೇಕೆಂಬ ಕಟ್ಟಳೆ ಇರಲಿಲ್ಲ. ಆದರೂ ಅದು ತಾನೇ ಪೇಟ್ರನ್ ಆಗಿ ಸೇರಿಕೊಂಡಿತು. ನನಗೆ ಈ ಕಥೆಯಲ್ಲಿ ಜಾಸ್ತಿ ಇಷ್ಟವಾಗುವುದು ಇದೇ.

ಹಾಗಂತ ನಾಳೆಯೇ ಕೆಲಸ ಬಿಟ್ಟು ಕೂರಬೇಡಿ. ರೆವುವಾ ಸೊನ್ನೆಯಿಂದ ಶುರು ಮಾಡಿದವರಲ್ಲ. ಬ್ಲೆಂಡರ್ ಎಂಬ ತಂತ್ರಾಂಶದಲ್ಲಿ ಮಾಡಿದ 2010ರ ಅನಿಮೇಷನ್ ಚಿತ್ರ 'ಸಿಂಟೆಲ್'ಗೆ ಕೆಲಸ ಮಾಡಿ ಅಷ್ಟರಲ್ಲಾಗಲೇ ಒಂದಷ್ಟು ಹೆಸರು ಮಾಡಿದ್ದರು. ಓದುವವರು ತುಂಬಾ, ಕೊಡುವವರು ಕೆಲವರೇ. ಇನ್ನೊಂದು ಮಾತು. ಹರಕೆ ಆಟಕ್ಕೆ ವರ್ಷಗಟ್ಟಲೆ ಮುಂಚೆ ಬುಕ್ಕಿಂಗ್ ಆಗಿರುವ ಮೇಳಗಳಿವೆ. ಪೇಟ್ರನ್ ಮಾತ್ರ ಬೇಕೆಂದಾಗ ಒಂದು ಬಟನ್ ಒತ್ತಿ ಹೊರಟುಹೋಗಬಹುದು.